ಸಿಡಿಲು ಬಡಿದ ಮೇಲೆ ಮಕ್ಕಳು ನಕ್ಕದ್ದು

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಆಯಿ ಒಂದು ಭಾನುವಾರ ಮಧ್ಯಾಹ್ನ ಹೊಲದಲ್ಲಿ ಸಿಡಿಲು ಬಡಿದು ಸತ್ತಳು. ಎರಡು ವರ್ಷದ ಹಿಂದಿನ ಮಾತು. ಹಿಂಗಾರಿ ಮಳೆ ಶುರುವಾಗಿತ್ತು. ಆಕೆಯೂ ಪಕ್ಕದ ಮನೆಯ ಹೆಂಗಸೂ ಉಳ್ಳಾಗಡ್ಡಿ ಕೀಳಲು ಹೋಗಿದ್ದರು. ಮೋಡ ಕವಿದದ್ದು ನೋಡಿ ಪಕ್ಕದ ಮನೆಯಾಕೆ ಬೋರಿನ ಕೋಣೆಗೆ ಓಡಿದಳು. ಆಯಿ ಕಿತ್ತ ಗಡ್ಡೆಯ ಮೇಲೆ ತಾಡಪತ್ರಿ ಎಳೆದು, ಬದುವಿನ ಬೇವಿನ ಗಿಡದ ಕೆಳಗೆ ನಿಂತಳು. ನಿಂತಲ್ಲೇ ಹೋದಳು.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು ಅದು. ನಾನು ಹುನಗುಂದದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಎರಡನೆಯ ತರಗತಿ ಮತ್ತು ಐದನೆಯ ತರಗತಿ ನನ್ನವು. ಆಯಿಯನ್ನು ಊರಿನಲ್ಲಿ ಯಾರು ಯಾವ ಹೆಸರಿನಿಂದ ಕರೆಯುತ್ತಿದ್ದರೋ, ಶಾಲೆಯಲ್ಲಿ ಮಾತ್ರ ಮಕ್ಕಳಿಗೂ ಮಾಸ್ತರರಿಗೂ ಆಕೆ ಆಯಿಯೇ. ಊಟ ಬಡಿಸುವಾಗ ಆಕೆಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಅನ್ನ ಬಿಡುವ ಮಗುವಿಗೆ "ಯಾಕಲೇ, ಹೊಟ್ಟಿ ಏನ್ ಬಾಡಗಿಗೆ ಕೊಟ್ಟೀ ಏನ?" ಎನ್ನುವಳು. ಮೂರನೆಯ ಸಲ ತಾಟು ಹಿಡಿದು ಬಂದವನಿಗೆ "ನಿಮ್ಮಪ್ಪಗ ಹೇಳಿ ಕಳಸ್ತೇನಿ, ಅನ್ನ ಹೇರಾಕ ನಿನ್ನ ಕೂಡ ಒಂದ ಎತ್ತನ್ನೂ ಕಳಿಸಿಕೊಡಂತ" ಎನ್ನುತ್ತಲೇ ಸೌಟು ತುಂಬಿ ಹಾಕುವಳು. ಮಕ್ಕಳು ನಕ್ಕು ಉಣ್ಣುತ್ತಿದ್ದರು.

ಆಕೆಯ ಮಗಳ ಮಗಳು ನನ್ನ ಐದನೆಯ ತರಗತಿಯಲ್ಲಿದ್ದಳು. ತಂದೆ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದ. ತಾಯಿ ಮನೆಯಲ್ಲೇ ಸೀರೆ ನೇಯುತ್ತಿದ್ದಳು. ಹುಡುಗಿ ಮಾತಿನಲ್ಲಿ ಆಯಿಯನ್ನೇ ಹೋಲುತ್ತಿದ್ದಳು. ಮಣ್ಣು ಮಾಡಿದ ದಿನ ಇಡೀ ಶಾಲೆ ಹೋಗಿತ್ತು. ಅಲ್ಲಿ ಅವಳು ತಾಯಿಯ ಸೆರಗು ಹಿಡಿದು ನಿಂತಿದ್ದಳು, ಅಳಲಿಲ್ಲ. ದಿನಕರ್ಮ ಮುಗಿಸಿ ಶಾಲೆಗೆ ಬಂದಾಗಲೂ ಅಳಲಿಲ್ಲ. ಹುಡುಗಿ ಗಟ್ಟಿ ಇದ್ದಾಳೆ ಎಂದು ನಾವು ಸಮಾಧಾನಪಟ್ಟುಕೊಂಡೆವು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೋಡ ಮುಸುಕಿ ಎರಡನೆಯ ತರಗತಿಯ ಕೋಣೆ ಕತ್ತಲಾಯಿತು. ಸ್ವಿಚ್ಚಿನ ಹತ್ತಿರ ಕೂತಿದ್ದ ಸಣ್ಣ ಹುಡುಗನಿಗೆ ಲೈಟ್ ಹಾಕು ಎಂದೆ. ಅವನು ಎದ್ದು ನಿಂತ, ಕೈ ಮಾತ್ರ ಚಾಚಲಿಲ್ಲ. ಇನ್ನೊಮ್ಮೆ ಹೇಳಿದೆ. ಕೈ ಹಿಂದಕ್ಕೆ ಕಟ್ಟಿಕೊಂಡ.

"ಹಾಕೂದಿಲ್ರಿ ಟೀಚರ್. ಆಯಿ ಬರ್ತಾಳ."

"ಯಾರ್ ಹೇಳಿದ್ರೋ ನಿನಗ?"

"ದೊಡ್ಡ ಹುಡುಗೋರ್ರೀ. ಆಯಿ ವಯರಿನ್ಯಾಗ ಅದಾಳಂತ. ಸ್ವಿಚ್ ಹಾಕಿದ್ರ ಬರ್ತಾಳಂತ."

ಆಮೇಲೆ ಅವನ ತಾಯಿ ಹೇಳಿದಳು, ಮನೆಯಲ್ಲೂ ಒಂದು ವಾರದಿಂದ ಅವನು ಸ್ವಿಚ್ ಮುಟ್ಟುತ್ತಿರಲಿಲ್ಲವಂತೆ.

ಅವತ್ತೇ ಊಟದ ಹೊತ್ತಿಗೆ ನಾನು ಐದನೆಯ ತರಗತಿಯ ಬಾಗಿಲ ಹೊರಗೆ ನಿಂತೆ. ನಮ್ಮ ಶಾಲೆಯಲ್ಲಿ ವೋಲ್ಟೇಜ್ ಒಂದೇ ಸಮ ನಿಲ್ಲುವುದಿಲ್ಲ. ಬಲ್ಬು ಆರಿ ಹತ್ತಿ ಪಕಪಕ ಎಂದಿತು. ಒಳಗೆ ಯಾರೋ ಕೂಗಿದರು: "ಆಯಿ ಬಂದ್ಲು! ತಾಟ ಹಿಡೀರಿ!" ಎಲ್ಲರೂ ಘೊಳ್ಳೆಂದು ನಕ್ಕರು. ಒಬ್ಬ ಹುಡುಗ ದೊಡ್ಡವರ ಧಾಟಿಯಲ್ಲಿ ಹೇಳಿದ: "ಸರ್ಕಾರದ ಫ್ರೀ ಕರೆಂಟ್ ಆಯಿಗೆ ಸಾಲಲಿಲ್ಲ. ಅದಕ್ಕ ಡೈರೆಕ್ಟ್ ಮ್ಯಾಲಿಂದನ ತಗೊಂಡ್ಲು." ಮತ್ತೆ ನಗು.

ಆಕೆಯ ಕೈಯ ಅನ್ನ ಉಂಡ ಮಕ್ಕಳು ಇವು. ಒಳಗೆ ಹೋಗಿ ನಾಲ್ಕು ಬಿಡಬೇಕು ಅನ್ನಿಸಿತು. ಹೋಗದೆ ಹೆಡ್‌ಮಾಸ್ತರರಿಗೆ ಹೇಳಿದೆ.

ಹೆಡ್‌ಮಾಸ್ತರರು ಮಕ್ಕಳಿಗೆ ಹೊಡೆಯುವವರಲ್ಲ. ನಿವೃತ್ತಿಗೆ ಹತ್ತಿರವಿದ್ದ, ಸಣ್ಣ ದನಿಯ ಮನುಷ್ಯ. ಆಯಿ ದಿನಾ ಅವರಿಗೆಂದು ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ತಂದುಕೊಡುತ್ತಿದ್ದಳು. ನಾನು ಹೇಳಿದ್ದು ಕೇಳಿ ಅವರ ಮುಖ ಕೆಂಪಾಯಿತು. ಐದನೆಯ ತರಗತಿಯವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ನಕಾಶೆ ತೋರಿಸುವ ಬಡಿಗೆ ಕೈಯಲ್ಲಿತ್ತು.

"ಇದನ್ನ ಯಾರು ಶುರು ಮಾಡಿದ್ರಿ? ಹೇಳ್ರಿ. ಹೇಳೂತನಾ ಯಾರೂ ಒಳಗ ಹೋಗಂಗಿಲ್ಲ."

ಕೊನೆಗೆ ಸಾಲಿನ ನಡುವಿನಿಂದ ಒಂದು ದನಿ ಬಂತು.

"ನಾನ ರೀ ಸರ್."

ಆಯಿಯ ಮೊಮ್ಮಗಳು. ಹೆಡ್‌ಮಾಸ್ತರರಿಗೆ ನಂಬಿಕೆ ಬರಲಿಲ್ಲ. ಬೇರೆಯವರನ್ನು ಉಳಿಸಲು ಹೇಳುತ್ತಿದ್ದಾಳೆ ಅಂದುಕೊಂಡು "ಖರೆ ಹೇಳವಾ" ಎಂದರು. "ಖರೇನ ರೀ. ಲೈಟಿಂದೂ ನಾನ ಅಂದದ್ದು, ಫ್ರೀ ಕರೆಂಟಿಂದೂ ಮೊದಲ ನಾನ ಅಂದದ್ದು" ಎಂದಳು. ಉಳಿದ ಮಕ್ಕಳು ನೆಲ ನೋಡುತ್ತಿದ್ದರು. ಬಡಿಗೆ ಹಿಡಿದ ಕೈ ತಾನಾಗಿ ಕೆಳಗೆ ಬಂತು. ಅವರು ಮಕ್ಕಳನ್ನು ಒಳಗೆ ಕಳಿಸಿ, ಹುಡುಗಿಯ ತಾಯಿಗೆ ಹೇಳಿ ಕಳಿಸಿದರು.

ತಾಯಿ ಮಗ್ಗದಿಂದ ಎದ್ದವಳು ಹಾಗೆಯೇ ಬಂದಿದ್ದಳು. ಸೀರೆಗೆ ಕೆಂಪು ರೇಷ್ಮೆಯ ಎಳೆಗಳು ಅಂಟಿಕೊಂಡಿದ್ದವು. ಆಫೀಸು ಕೋಣೆಯಲ್ಲಿ ಕೂಡು ಎಂದರೂ ಕೂಡಲಿಲ್ಲ. ಹೆಡ್‌ಮಾಸ್ತರರು ಏನಾಗಿದೆ ಎಂದು ವಿವರಿಸಿದರು. ನಗೆಮಾತನ್ನೂ, ಬೇರೆ ದಾರಿಯಿಲ್ಲದೆ, ಒಂದಕ್ಷರ ಬಿಡದೆ ತಮ್ಮ ಗಂಭೀರ ದನಿಯಲ್ಲಿ ಹೇಳಿದರು. ಫ್ರೀ ಕರೆಂಟು ಸಾಲದೆ ಮೇಲಿನಿಂದ ತಗೊಂಡಳು ಎಂಬಲ್ಲಿಗೆ ಬಂದಾಗ ತಾಯಿಯ ಮುಖ ಒಂದು ಕ್ಷಣ ವಿಚಿತ್ರವಾಯಿತು. ಮರುಕ್ಷಣ ತಿರುಗಿ ಮಗಳ ಕೆನ್ನೆಗೆ ಹೊಡೆದಳು.

"ನಮ್ಮವ್ವನ ಮಣ್ಣ ಇನ್ನಾ ಹಸಿ ಐತಿ. ಊರಾಗ ನಾ ಮಾರಿ ಹೆಂಗ ತೋರಸ್ಲಿ?"

ನಾನು ನಡುವೆ ಹೋಗಿ ಹುಡುಗಿಯನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು ಆಗಲೂ ಅಳಲಿಲ್ಲ. ಹೆಡ್‌ಮಾಸ್ತರರು ಇಬ್ಬರನ್ನೂ ಮನೆಗೆ ಕಳಿಸಿದರು. ಮಾಡಿದ್ದು ಸರಿಯಾಯಿತು ಎಂದು ಅವರಿಗೂ ನನಗೂ ಅನ್ನಿಸಲಿಲ್ಲ.

ಸಂಜೆ ಬಸ್ಸಿನಲ್ಲಿ ನನಗೆ ನನ್ನ ಚಿಕ್ಕಂದಿನದು ನೆನಪಾಯಿತು. ನನ್ನ ತವರು ಪಟ್ಟದಕಲ್ಲಿನ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ. ನಾನು ಸಾಲಿ ಕಲಿಯುವಾಗ ಒಂದು ವರ್ಷ ಹೊಳೆ ಊರೊಳಗೆ ಬಂತು. ಮಣ್ಣಿನ ಮನೆಗಳು ಕುಸಿದವು. ನಮ್ಮನ್ನೆಲ್ಲ ದಿನ್ನೆಯ ಮೇಲೆ ತಗಡಿನ ಶೆಡ್ಡಿನಲ್ಲಿ ಇಟ್ಟರು. ಅಲ್ಲಿ ನಾವು ಮಕ್ಕಳು ಒಂದು ಆಟ ಹುಡುಕಿಕೊಂಡೆವು. ಒಬ್ಬರು ಹೊಳೆ ಆಗಬೇಕು, ಉಳಿದವರು ಓಡಿ ಕಲ್ಲು ಹತ್ತಬೇಕು. ಹೊಳೆ ಯಾರನ್ನು ಮುಟ್ಟಿತೋ ಅವರು ಹೆಣ. ಹೆಣವಾದವರ ಸುತ್ತ ಕೂತು ನಾವು ದೊಡ್ಡ ಹೆಂಗಸರ ಹಾಗೆ ಹಾಡಾಡಿ ಅಳುತ್ತಿದ್ದೆವು. ಆಮೇಲೆ ಹೆಣವೇ ಮೊದಲು ನಗುತ್ತಿತ್ತು.

ನಮ್ಮ ಪೈಕಿ ಒಬ್ಬಳ ಮನೆಯ ಎಮ್ಮೆ, ಅದರ ಕರು ಎರಡೂ ಅವಳ ಕಣ್ಣೆದುರಿಗೇ ನೀರಿನಲ್ಲಿ ಹೋಗಿದ್ದವು. ಆಟದಲ್ಲಿ ಅವಳು ಯಾವಾಗಲೂ ತಾನೇ ಹೊಳೆ ಆಗುತ್ತೇನೆ ಎಂದು ಹಟ ಹಿಡಿಯುತ್ತಿದ್ದಳು. ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಂದು ದಿನ ನಮ್ಮ ಕಾಕಾ ಇದನ್ನು ನೋಡಿ "ಅನಿಷ್ಟ ಕೂಸುಗಳು" ಎಂದು ಕಸಬರಿಗೆ ತಗೊಂಡು ಎಲ್ಲರನ್ನೂ ಬಡಿದ. ಆಟ ನಿಲ್ಲಲಿಲ್ಲ. ಶೆಡ್ಡಿನ ಹಿಂದಕ್ಕೆ ಹೋಯಿತು. ಅಲ್ಲಿ ದೊಡ್ಡವರು ಯಾರೂ ಇಲ್ಲದ್ದರಿಂದ ಆಟ ಜೋರಾಯಿತು, ಒಬ್ಬ ಹುಡುಗನ ಹಲ್ಲು ಮುರಿಯಿತು. ನಾವು ಆ ಆಟ ಯಾಕೆ ಆಡುತ್ತಿದ್ದೇವೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಹೊಳೆಯ ಹೆದರಿಕೆ ಇರುತ್ತಿರಲಿಲ್ಲ ಎಂಬುದು ನನಗೆ ಇವತ್ತಿಗೂ ಗೊತ್ತು.

ಮರುದಿನ ಹುಡುಗಿ ಶಾಲೆಗೆ ಬಂದಳು. ಊಟವಾದ ಮೇಲೆ ಅವಳನ್ನು ಕರೆದುಕೊಂಡು ಅಡುಗೆ ಕೋಣೆಯ ಹಿಂದಿನ ಕಟ್ಟೆಯ ಮೇಲೆ ಕೂತೆ. ಬೈಯಲು ಕರೆದಿದ್ದೇನೆ ಅಂದುಕೊಂಡು ಅವಳು ಸೆಟೆದು ಕೂತಿದ್ದಳು.

"ನಾ ಬೈಯಂಗಿಲ್ಲವಾ. ಆ ಮಾತು ಹೆಂಗ ಶುರುವಾತು ಅಷ್ಟ ಹೇಳು."

ಸ್ವಲ್ಪ ಹೊತ್ತು ಕಾಲಿನ ಹೆಬ್ಬೆರಳಿಂದ ಮಣ್ಣು ಕೆದಕಿದಳು.

"ನಾ ತಿರುಗಿ ಸಾಲಿಗೆ ಬಂದಾಗ್ರೀ, ನಾ ಹೋದಲ್ಲೆ ಎಲ್ಲಾರೂ ಸುಮ್ಮನಾಗ್ತಿದ್ರು. ಆಡಾಕ ಕರೀತಿರಲಿಲ್ಲ. ಪಾಪ ಪಾಪ ಅಂತ ಮಾರಿ ನೋಡ್ತಿದ್ರು. ನನ್ನ ಬಾಜೂಕ ಕುಂಡ್ರಾಕೂ ಹೆದರ್ತಿದ್ರು. ಒಂದಿನ ಲೈಟ್ ಪಕಪಕ ಅಂತು. ಎಲ್ಲಾರೂ ನನ್ನ ಕಡೇನ ನೋಡಿದ್ರು. ಆಗ ನಾ 'ಆಯಿ ಬಂದ್ಲು' ಅಂದೆ. ನಕ್ಕರ್ರಿ. ಆಮ್ಯಾಲೆ ಆಡಾಕ ಕರದ್ರು."

"ನಿನಗೂ ನಗು ಬರ್ತೈತೇನು?"

"ಅಂದಾಗ ಬರ್ತೈತ್ರಿ. ಅಷ್ಟ ಹೊತ್ತು."

ಆಮೇಲೆ ನನ್ನ ಮುಖ ನೋಡದೆ ಕೇಳಿದಳು: "ಟೀಚರ್, ಆಯಿ ಖರೇನ ಬರಂಗಿಲ್ಲಲ್ರೀ?"

ದೊಡ್ಡವರು ಇಂಥ ಪ್ರಶ್ನೆಗೆ ದೇವರ ಹತ್ತಿರ ಹೋಗಿದ್ದಾಳೆ, ಆಕಾಶದ ಚುಕ್ಕಿ ಆಗಿದ್ದಾಳೆ ಎಂದೇನೋ ಹೇಳುತ್ತೇವೆ. ನನ್ನ ಬಾಯಿಗೂ ಅದೇ ಬಂದಿತ್ತು. ಎರಡನೆಯ ತರಗತಿಯ ಆ ಸಣ್ಣ ಹುಡುಗ ನೆನಪಾಗಿ ತಡೆದುಕೊಂಡೆ.

"ಇಲ್ಲವಾ. ಬರಂಗಿಲ್ಲ."

ಅವಳು ತಲೆಯಾಡಿಸಿದಳು. ಅದು ಅವಳಿಗೆ ಗೊತ್ತಿತ್ತು. ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು.

ಆಗ ನಾನು ಸಣ್ಣ ಹುಡುಗನ ವಿಷಯ ಹೇಳಿದೆ. ಅವಳ ಮಾತಿಗೆ ಅವನು ಹೆದರಿದ್ದಾನೆ, ಮನೆಯಲ್ಲೂ ಸ್ವಿಚ್ ಮುಟ್ಟುವುದಿಲ್ಲ ಎಂದೆ. ಅವಳಿಗೆ ಇದು ಹೊಸ ಸುದ್ದಿ. ಮುಖ ಸಣ್ಣದಾಯಿತು. "ಅಂವಗ ಯಾರ್ ಹೇಳಿದ್ರು? ನಾವು ನಮ್ಮೊಳಗ ಅಂದದ್ದು" ಎಂದಳು. ಅದಕ್ಕೇ ನಾನು ಒಂದು ಮಾತು ಹೇಳಿದೆ. ನಿಮ್ಮೊಳಗೆ ಏನಾದರೂ ಅಂದುಕೊಳ್ಳಿ, ನಾನು ಸಿಟ್ಟು ಮಾಡುವುದಿಲ್ಲ. ಸಣ್ಣವರ ಎದುರು ಬೇಡ, ನಿಮ್ಮ ಅವ್ವನ ಎದುರೂ ಬೇಡ. ಅವಳು ಎದ್ದು ಹೋದಳು. ಎಲ್ಲಿಗೆ ಎಂದು ನೋಡಿದರೆ ನೇರ ಎರಡನೆಯ ತರಗತಿಗೆ. ಹುಡುಗನ ರಟ್ಟೆ ಹಿಡಿದು ಸ್ವಿಚ್ಚಿನ ಮುಂದೆ ನಿಲ್ಲಿಸಿದ್ದಳು.

"ನೋಡಿಲ್ಲಿ, ಅದು ಸುಳ್ಳ. ನಾನ ಅಂದದ್ದು. ನಮ್ಮಾಯಿ ಮಣ್ಣಾಗ ಅದಾಳ, ವಯರಿನ್ಯಾಗ ಇಲ್ಲ. ಹಾಕು."

ಅವನು ಹಾಕಲಿಲ್ಲ. ಅವಳೇ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಎಷ್ಟೋ ಸಲ ಆದ ಮೇಲೆ ಅವನು ಅವಳ ಕೈಯ ಮೇಲೆ ಕೈಯಿಟ್ಟು ಒತ್ತಿದ. ಆಮೇಲೆ ಇಬ್ಬರನ್ನೂ ಸ್ವಿಚ್ಚಿನಿಂದ ದೂರ ಮಾಡುವುದೇ ನನಗೆ ಕೆಲಸವಾಯಿತು.

ಹೆಡ್‌ಮಾಸ್ತರರಿಗೆ ಇದೆಲ್ಲ ಹೇಳಿದೆ. "ಆದ್ರ ನಗೂ ವಿಷಯ ಏನ್ರೀ ಟೀಚರ್ ಅದು?" ಎಂದರು. "ನಗೂ ವಿಷಯ ಅಲ್ರೀ ಸರ್. ಹೆದರ್ಯಾರ. ಹೆದರೀವಿ ಅಂತ ಹೇಳಾಕ ಬರವಲ್ದು ಅವಕ್ಕ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಯಿ ಹೋದಾಗಿನಿಂದ ತಮಗೆ ಶಾಲೆಯಲ್ಲಿ ಊಟ ಸೇರುತ್ತಿಲ್ಲ, ಮಧ್ಯಾಹ್ನ ಬರೀ ಚಹಾ ಕುಡಿದು ಇರುತ್ತೇನೆ ಎಂದರು. ಅದನ್ನು ಅವರೂ ಯಾರಿಗೂ ಹೇಳಿರಲಿಲ್ಲ.

ನಾವಿಬ್ಬರೂ ಐದನೆಯ ತರಗತಿಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತೆವು. ಆಯಿಯ ಬಗ್ಗೆ, ಸಿಡಿಲಿನ ಬಗ್ಗೆ ಏನು ಬೇಕಾದರೂ ಕೇಳಿ ಎಂದೆವು. ನಿನ್ನೆ ಬಡಿಗೆ ಹಿಡಿದು ನಿಲ್ಲಿಸಿದವರು ಇವತ್ತು ಕೇಳಿ ಅಂದರೆ ಯಾರು ಕೇಳುತ್ತಾರೆ? ಆದರೂ, ಫ್ರೀ ಕರೆಂಟಿನ ಮಾತನ್ನು ದೊಡ್ಡವರ ಧಾಟಿಯಲ್ಲಿ ಹೇಳಿದ್ದನಲ್ಲ, ಆ ಹುಡುಗ ಕೇಳಿದ: "ಸಿಡ್ಲು ಬಡದ್ರ ಭಾಳ ನೋವಾಕ್ಕೈತೇನ್ರೀ?"

ಅಲ್ಲಿಂದ ಶುರುವಾಯಿತು. ಆಯಿಗೆ ಗೊತ್ತಾಯಿತೇ? ಕೂಗಿದಳೇ? ಗಿಡ ಯಾಕೆ ಸುಟ್ಟಿತು? ಸಾಲಿಯ ಮೇಲೆ ಬೀಳುತ್ತದೇ? ಮೊಬೈಲ್ ಇದ್ದವರಿಗೆ ಬಡಿಯುತ್ತದೇ? ಆಕೆ ಪಾಪ ಮಾಡಿದ್ದಳು, ಅದಕ್ಕೇ ಬಡಿಯಿತು ಎಂದು ನಮ್ಮ ಓಣಿಯ ಮುದುಕಿ ಅಂದಳು, ಹೌದೇ? ಗೊತ್ತಿದ್ದಕ್ಕೆ ಗೊತ್ತಿದ್ದಷ್ಟು ಹೇಳಿದೆವು. ಬಡಿದ ಕೂಡಲೇ ಜೀವ ಹೋಗಿದೆ, ಬಹಳ ಹೊತ್ತು ನೋವಾಗಿರಲಿಕ್ಕಿಲ್ಲ ಎಂದು ದವಾಖಾನೆಯ ಡಾಕ್ಟರು ಮನೆಯವರಿಗೆ ಹೇಳಿದ್ದರು, ಅದನ್ನೇ ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆವು. ಪಾಪದ ಮಾತಿಗೆ ಹೆಡ್‌ಮಾಸ್ತರರೇ ಉತ್ತರ ಕೊಟ್ಟರು. "ಸಿಡ್ಲಿಗೆ ಪಾಪ ಪುಣ್ಯ ತಿಳಿಯಂಗಿಲ್ಲ. ಎತ್ತರ ಇದ್ದದ್ದಷ್ಟ ತಿಳಿತೈತಿ. ಬಯಲಾಗ ಗಿಡ ಎತ್ತರ ಇತ್ತು, ಆಕಿ ಅದರ ಕೆಳಗ ಇದ್ಲು" ಎಂದರು. ಎದ್ದು ಬೋರ್ಡಿನ ಮೇಲೆ ಹೊಲ, ಗಿಡ, ಮನೆ ಬರೆದು, ಗುಡುಗು ಕೇಳಿಸಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ತೋರಿಸಿದರು.

ಕೊನೆಗೆ ಹಿಂದೆ ಕೂತಿದ್ದ ಒಬ್ಬಳು ಮೆಲ್ಲಗೆ ಅಂದಳು: "ನಮ್ಮವ್ವನೂ ದಿನಾ ಹೊಲಕ್ಕ ಹೋಗ್ತಾಳ್ರೀ."

"ನಮ್ಮವ್ವನೂ ರೀ." "ನಮ್ಮಪ್ಪನೂ ರೀ." ಕೋಣೆಯ ತುಂಬ ಅದೇ ಮಾತು. ಆ ಮಕ್ಕಳಲ್ಲಿ ಹೊಲಕ್ಕೆ ಹೋಗದ ತಾಯಿ ಇದ್ದವರು ಇಬ್ಬರೋ ಮೂವರೋ. ದಿನಾ ಇಲ್ಲಿ ಕೂತು, ಕಿಟಕಿಯಾಚೆಯ ಮೋಡ ನೋಡುತ್ತ, ಅವ್ವ ಎಲ್ಲಿದ್ದಾಳೋ ಎಂದು ನೆನೆಯುತ್ತಿದ್ದರು. ಬಲ್ಬು ಪಕಪಕ ಎಂದಾಗ ನಗುತ್ತಿದ್ದವರು ಇವರೇ. ಅವತ್ತು ಸಂಜೆ ಮನೆಗೆ ಹೋಗಿ ಎಲ್ಲರೂ ತಾಯಂದಿರಿಗೆ ಗಿಡದ ಕೆಳಗೆ ನಿಲ್ಲಬೇಡ ಎಂದು ಪಾಠ ಮಾಡಿದರಂತೆ. ಒಬ್ಬಳು ತಾಯಿ ಮರುದಿನ ಬಂದು "ನಿಮ್ಮ ಪಾಠ ಕೇಳಿ ನಮ್ಮ ಹುಡುಗ ನನ್ನನ್ನ ಹೊಲಕ್ಕ ಹೋಗಾಕ ಬಿಡವಲ್ಲ ನೋಡ್ರಿ" ಎಂದು ನಕ್ಕಳು.

ಮುಂದಿನ ವಾರ ಪಾಠದ ನಡುವೆಯೇ ದೊಡ್ಡ ಮಳೆ ಬಂತು. ಗುಡುಗಿಗೆ ಹಂಚು ನಡುಗಿತು. ಕರೆಂಟು ಹೋಯಿತು. ಮಕ್ಕಳು ಕಿಟಕಿ ಬಿಟ್ಟು ಒತ್ತಿಕೊಂಡು ನಡುವೆ ಬಂದು ಕೂತರು. ಆ ಕತ್ತಲಲ್ಲಿ ಒಬ್ಬ ಅಂದ: "ಕರೆಂಟ್ ಹೋತು. ಇವತ್ತ ಆಯಿ ಸೂಟಿ ಹಾಕ್ಯಾಳ."

ಆಯಿಗೂ ರಜೆ ಎಂಬ ಮಾತಿಗೆ ಎಲ್ಲರೂ ಮೊದಲು ಆ ಹುಡುಗಿಯನ್ನು ನೋಡಿದರು, ಆಮೇಲೆ ನನ್ನನ್ನು. ಹುಡುಗಿ ನಕ್ಕಳು. ನನಗೂ ನಗು ಬಂತು, ತಡೆಯಲಿಲ್ಲ. ಎಲ್ಲರೂ ನಕ್ಕರು. ನಗುತ್ತ ನಗುತ್ತಲೇ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟಳು. ಬೆನ್ನು ಅಲುಗುವುದು ನೋಡಿ ಇನ್ನೂ ನಗುತ್ತಿದ್ದಾಳೆ ಅಂದುಕೊಂಡೆವು. ಅಳುತ್ತಿದ್ದಳು. ಆಯಿ ಸತ್ತ ಮೇಲೆ ನಾನು ನೋಡಿದಂತೆ ಅದೇ ಮೊದಲು. ಮಾತಾಡಿದ ಹುಡುಗ ಎದ್ದು ಬಂದು "ನಾ ಸುಮ್ನ ಅಂದೆ ರೀ" ಎಂದ. "ನಿಂದೇನೂ ತಪ್ಪಿಲ್ಲಪಾ. ಆಕಿಗೆ ಅಳೂದಿತ್ತು" ಎಂದೆ. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ಅವಳ ಹೆಗಲ ಮೇಲೆ ಕೈ ಹಾಕಿ ಕೂತರು. ಯಾರೂ ಅಳಬೇಡ ಅನ್ನಲಿಲ್ಲ. ಮಳೆ ನಿಲ್ಲುವ ಹೊತ್ತಿಗೆ ಅವಳ ಅಳುವೂ ನಿಂತಿತ್ತು. ಮೂಗು ಒರೆಸಿಕೊಂಡು ನೀರು ಕುಡಿಯಲು ಹೋದಳು.

ಇದಾದ ಮೇಲೆ ನಾನು ಅವರ ಮನೆಗೆ ಹೋಗಿದ್ದೆ. ತಾಯಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ಮಗಳು ಶಾಲೆಯಲ್ಲಿ ಅತ್ತದ್ದನ್ನು ಹೇಳಿದೆ. ಕೈ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ಅಂದಳು:

"ಅಕ್ಕೋರ, ಅವತ್ತ ಸರ್ ಆ ಫ್ರೀ ಕರೆಂಟಿನ ಮಾತು ಹೇಳಿದ್ರಲ್ಲ, ನನಗ ನಗು ಬಂತ್ರಿ. ನಮ್ಮವ್ವ ಇದ್ದಿದ್ರ ಆಕೀನೂ ನಗ್ತಿದ್ಲು. ಅವ್ವ ಸತ್ತಾಳ, ನನಗ ನಗು ಬಂತಲ್ಲ ಅಂತ ನನ್ನ ಮ್ಯಾಲ ನನಗ ಸಿಟ್ಟು ಬಂತು. ಅದನ್ನ ತಗೊಂಡು ಕೂಸಿನ ಮ್ಯಾಲ ಹಾಕಿದೆ."

ಇದನ್ನು ಮಗಳಿಗೆ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ ಎಂದಳು. ಹೇಳಿ ಎಂದೆ. ಹೇಳಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೆ ಆಮೇಲೆ ಹುಡುಗಿ ತಾಯಿಯ ಜೊತೆ ಆಯಿಯ ಮಾತುಗಳನ್ನು ಅನುಕರಿಸಿ ಆಡುತ್ತಿದ್ದಳು ಎಂದು ಓಣಿಯವರು ಹೇಳುತ್ತಿದ್ದರು.

ಆ ನಗೆಮಾತು ಸಂಕ್ರಾಂತಿಯ ಹೊತ್ತಿಗೆ ತಾನಾಗಿ ಹಳತಾಯಿತು. ಬಲ್ಬು ಪಕಪಕ ಎಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಹೊಸದಾಗಿ ಬಂದ ಅಡುಗೆಯವಳ ಸಾಂಬಾರು ನೀರು ನೀರು ಎಂದು ಮಕ್ಕಳು ಬೇರೆ ಮಾತು ಕಟ್ಟಿಕೊಂಡರು. ಹೆಡ್‌ಮಾಸ್ತರರು ನಿವೃತ್ತರಾದರು. ಹುಡುಗಿ ಈಗ ಏಳನೆಯ ತರಗತಿ, ಚೆನ್ನಾಗಿ ಓದುತ್ತಾಳೆ, ಬಾಯಿ ಮಾತ್ರ ಇನ್ನೂ ಜೋರು.

ನನಗೆ ಬಾದಾಮಿಯ ಕಡೆ ವರ್ಗವಾಯಿತು. ಈಗಿನ ಶಾಲೆ ಮಹಾಕೂಟಕ್ಕೆ ಹೋಗುವ ದಾರಿಯಲ್ಲಿದೆ. ಕಳೆದ ತಿಂಗಳು ಆ ದಾರಿಯ ತಿರುವಿನಲ್ಲಿ ಟಂಟಂ ಆಟೋ ಉರುಳಿ ಊರಿನ ಒಬ್ಬರು ತೀರಿಕೊಂಡರು. ಮೂರನೆಯ ದಿನ ನಮ್ಮ ಮಕ್ಕಳು ಬೆಂಚುಗಳನ್ನು ಜೋಡಿಸಿ ಟಂಟಂ ಮಾಡಿ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನನ್ನ ಜೊತೆಯ ಹೊಸ ಟೀಚರು ಬಾಗಿಲಲ್ಲೇ ನಿಂತು "ನಾಚಿಕಿ ಬರಂಗಿಲ್ಲೇನು ನಿಮಗ" ಎಂದು ಕೂಗಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದೆ. ಒಳಗೆ ಹೋಗಿ ಆ ಟಂಟಂನ ಕೊನೆಯ ಬೆಂಚಿನ ಮೇಲೆ ಕೂತು, ಡ್ರೈವರ್ ಯಾರು ಎಂದು ಕೇಳಿದೆ. ಮಕ್ಕಳು ಆ ದಿನದ್ದೆಲ್ಲ ಹೇಳತೊಡಗಿದರು. ಅವತ್ತು ಗಣಿತದ ಪಾಠ ಆಗಲಿಲ್ಲ.